ಆಫೀಸಿಗೆ ಆರು ಲ್ಯಾಪ್‌ಟಾಪ್ ಬೇಕು: ಆನ್‌ಲೈನ್ "42% ಆಫ್" ಹಿಡಿಯಬೇಕೋ, ಊರಿನ ಡೀಲರ್ ಕೊಟೇಷನ್ನೋ?

ಪಂಪ್‌ಸೆಟ್_ಹುಬ್ಬಳ್ಳಿ
ನಮಸ್ಕಾರ್ರಿ ಎಲ್ಲಾರಿಗೂ. ಪಂಪ್‌ಸೆಟ್ ಬಿಡಿಭಾಗದ ಹೋಲ್‌ಸೇಲ್ ಆಫೀಸಿಗೆ ಆರು ಲ್ಯಾಪ್‌ಟಾಪ್ ಬೇಕಾಗ್ಯಾವ್ರಿ. ಟ್ಯಾಲಿ ಪ್ರೈಮ್, ಎಕ್ಸೆಲ್, ಇ-ವೇ ಬಿಲ್, ಡಿಎಸ್‌ಸಿ ಟೋಕನ್ (ಡಿಜಿಟಲ್ ಸಹಿದು ಯುಎಸ್‌ಬಿ ಕಡ್ಡಿ), ಒಂದು ಹಳೇ ಡಾಟ್ ಮ್ಯಾಟ್ರಿಕ್ಸ್ ಪ್ರಿಂಟರ್, ಇಷ್ಟ ಕೆಲಸ. ಐದು ವರ್ಷ ಬಾಳಬೇಕು.

ಕೈಯಾಗ ಎರಡು ರೇಟ್ ಅದಾವ. ಊರಿನ ಡೀಲರ್: ಲೆನೊವೊ ಥಿಂಕ್‌ಪ್ಯಾಡ್ ಇ16, 16 ಜಿಬಿ ರ‍್ಯಾಮ್, 512 ಜಿಬಿ ಎಸ್‌ಎಸ್‌ಡಿ, ವಿಂಡೋಸ್ 11 ಪ್ರೊ, ಮೂರು ವರ್ಷ ಆನ್‌ಸೈಟ್ ವಾರಂಟಿ (ಆಫೀಸಿಗೇ ಬಂದು ರಿಪೇರಿ), ಜಿಎಸ್‌ಟಿ ಸೇರಿ 74,340. ಆನ್‌ಲೈನ್ ಸೇಲ್: ಅದ ಇ16, ಅದ 16/512, ವಿಂಡೋಸ್ ಹೋಮ್, ಒಂದು ವರ್ಷ ವಾರಂಟಿ, "42% ಆಫ್" ಅಂತ ಹಾಕಿ 66,990. ಒಂದಕ್ಕ 7,350 ಫರಕ್, ಆರಕ್ಕ 44,100. ಡೀಲರ್ ಸುಮ್ಮನ ಜಾಸ್ತಿ ಹೇಳಾಕತ್ತಾನೋ, ಏನರ ಕಾರಣ ಐತೋ?

ಕೀಲಿಮಣೆ
ಸರ್, "ಇ16" ಅನ್ನೋದು ಪೂರ್ತಿ ಹೆಸರಲ್ಲ. ಎರಡರದ್ದೂ ಮಾಡೆಲ್ ನಂಬರ್ ಹಾಕಿ, 21ರಿಂದ ಶುರುವಾಗುತ್ತೆ. ಅದಿಲ್ಲದೆ ಹೋಲಿಕೆ ಮಾಡೋಕೇ ಆಗಲ್ಲ.

ತಕ್ಕಡಿ_ದಾವಣಗೆರೆ
ಅದಕ್ಕಿಂತ ಮೊದಲು ತೆರಿಗೆ ಲೆಕ್ಕ ನೋಡಿ ಸರ್. ಲ್ಯಾಪ್‌ಟಾಪ್ ಮೇಲೆ ಜಿಎಸ್‌ಟಿ 18%. ಡೀಲರ್ ಹೇಳಿದ 74,340ರಲ್ಲಿ ಮೂಲ ಬೆಲೆ 63,000, ತೆರಿಗೆ 11,340. ನಿಮ್ಮ ಜಿಎಸ್‌ಟಿ ನಂಬರ್ ಇರೋ ಬಿಲ್ ಆದ್ರೆ ಆ 11,340 ಇನ್‌ಪುಟ್ ಕ್ರೆಡಿಟ್ ಆಗಿ, ಅಂದ್ರೆ ನೀವು ಕಟ್ಟೋ ಜಿಎಸ್‌ಟಿಯಲ್ಲಿ ಕಳೆದು, ವಾಪಸ್ ಬರುತ್ತೆ. ಆರಕ್ಕೆ 68,040. ಆನ್‌ಲೈನ್ ಸೆಲ್ಲರ್ ಜಿಎಸ್‌ಟಿ ಇನ್‌ವಾಯ್ಸ್ ಕೊಡದಿದ್ರೆ 66,990 ಅಷ್ಟೂ ನಿಮ್ಮ ಕೈಯಿಂದಲೇ ಹೋಗುತ್ತೆ. ಅಂದ್ರೆ ಡೀಲರ್ ಮಾಲೇ 3,990 ಅಗ್ಗ.

ಕೊಟ್ರೆ ಲೆಕ್ಕ ಬೇರೆ: ಆನ್‌ಲೈನ್ ಮೂಲ ಬೆಲೆ 56,771 ಆಗುತ್ತೆ, ಫರಕ್ 6,229 ಉಳಿಯುತ್ತೆ. ಆ 6,229ಕ್ಕೆ ನಿಮಗೆ ಸಿಗೋದು ಪ್ರೊ ಲೈಸೆನ್ಸ್, ಜೊತೆಗೆ ಎರಡು ವರ್ಷದ ಹೆಚ್ಚುವರಿ ಆನ್‌ಸೈಟ್. "42%" ಅಂಕಿಯನ್ನ ಮರೆತುಬಿಡಿ. 66,990ಕ್ಕೆ 42% ಅಂದ್ರೆ ಹಳೆ ಬೆಲೆ 1,15,500 ಅಂದಂಗಾಯ್ತು. ಆ ಬೆಲೆಗೆ ಇ16 ಯಾರು ತಗೋತಾರೆ?

ಪಂಪ್‌ಸೆಟ್_ಹುಬ್ಬಳ್ಳಿ
ಆನ್‌ಲೈನ್ ಪೇಜಿನ್ಯಾಗ "ಜಿಎಸ್‌ಟಿ ಇನ್‌ವಾಯ್ಸ್ ಲಭ್ಯ" ಅಂತ ಐತ್ರಿ. ಆರ್ಡರ್ ಮಾಡಿದ ಮ್ಯಾಲ ನಂಬರ್ ಕೊಟ್ರ ನಡೀತದೇನು?

ತಕ್ಕಡಿ_ದಾವಣಗೆರೆ
ನಡೆಯಲ್ಲ ಅಂತಲೇ ತಿಳ್ಕೊಳ್ಳಿ. ಆರ್ಡರ್ ಹಾಕೋ ಮುಂಚೆ ಖಾತೆಯಲ್ಲಿ ಜಿಎಸ್‌ಟಿ ನಂಬರ್, ಸಂಸ್ಥೆಯ ಹೆಸರು ಹಾಕಿರಬೇಕು. ಬಿಲ್ ಖಾಸಗಿ ಹೆಸರಲ್ಲಿ ಬಂದ ಮೇಲೆ ತಿದ್ದಿಸೋಕೆ ಓಡಾಡಿ ಉಪಯೋಗವಿಲ್ಲ. ಬಿಲ್ ಬಂದ್ಮೇಲೆ ಮುಂದಿನ ತಿಂಗಳು ಜಿಎಸ್‌ಟಿ ಪೋರ್ಟಲ್‌ನಲ್ಲಿ ನಿಮ್ಮ 2ಬಿಯಲ್ಲಿ (ನಿಮಗೆ ಸಿಗೋ ಕ್ರೆಡಿಟ್ ಪಟ್ಟಿ) ಕಾಣ್ತಿದೆಯಾ ನೋಡಿ. ಕಾಣದಿದ್ರೆ ಕ್ರೆಡಿಟ್ ಇಲ್ಲ. ಸೆಲ್ಲರ್ ಹರಿಯಾಣದವನಾದ್ರೆ ಐಜಿಎಸ್‌ಟಿ (ಹೊರರಾಜ್ಯದ ಮಾರಾಟದ ಜಿಎಸ್‌ಟಿ) ಬರುತ್ತೆ, ಅದೂ ಸಿಗುತ್ತೆ, ಅದಕ್ಕೆ ತಲೆ ಕೆಡಿಸ್ಕೋಬೇಡಿ.

ಡೀಲರ್ ಹತ್ರ ಉದ್ರಿ ಮಾಡೋರಿಗೆ ಇನ್ನೊಂದು ಮಾತು. ಬಿಲ್ ತಾರೀಖಿಂದ 180 ದಿನದೊಳಗೆ ದುಡ್ಡು ಕೊಡದಿದ್ರೆ ತಗೊಂಡ ಕ್ರೆಡಿಟ್ ಬಡ್ಡಿ ಸಮೇತ ವಾಪಸ್ ಕಟ್ಟಬೇಕು.

ಬೀಜದಂಗಡಿ
ಇದು ಎಲ್ಲರಿಗೂ ಅನ್ವಯ ಅಲ್ಲ ಅಂತ ಸೇರಿಸ್ರಿ. ಕಾಂಪೋಸಿಷನ್‌ನಲ್ಲಿ (ವಹಿವಾಟಿನ ಮೇಲೆ ಸಣ್ಣ ದರದ ತೆರಿಗೆ ಕಟ್ಟೋ ಸ್ಕೀಮು) ಇರೋರಿಗೆ ಕ್ರೆಡಿಟ್ ಇಲ್ಲ. ಬಿತ್ತನೆ ಬೀಜದಂಥ ತೆರಿಗೆ ಇಲ್ಲದ ಮಾಲನ್ನಷ್ಟೇ ಮಾರೋರಿಗೂ ಇಲ್ಲ. ಅಂಥವರು ಬರೀ ಕೊನೆ ಬೆಲೆ ನೋಡಿ ಕೊಳ್ಳಬೇಕು.

ತಕ್ಕಡಿ_ದಾವಣಗೆರೆ
ಸರಿಯಾದ ಮಾತು. ಪಂಪ್‌ಸೆಟ್ ಬಿಡಿಭಾಗಕ್ಕೆ ತೆರಿಗೆ ಇದೆ, ಹಾಗಾಗಿ ಅವರಿಗೆ ಪೂರ್ತಿ ಸಿಗುತ್ತೆ.

ನಿಶಾಂತ್_ಅಲ್ಲ
2025ರ ಸೆಪ್ಟೆಂಬರ್ 22ಕ್ಕೆ ಜಿಎಸ್‌ಟಿ ಇಳಿಸಿದ್ರಲ್ಲ, ಲ್ಯಾಪ್‌ಟಾಪೂ ಅಗ್ಗ ಆಗಿರಬೇಕಲ್ವಾ?

ತಕ್ಕಡಿ_ದಾವಣಗೆರೆ
ಇಲ್ಲ. ಆಗ ಎಸಿ, ದೊಡ್ಡ ಟಿವಿ 28ರಿಂದ 18ಕ್ಕೆ ಬಂದವು. ಲ್ಯಾಪ್‌ಟಾಪ್ ಮೊದಲೂ 18, ಈಗಲೂ 18. "ಜಿಎಸ್‌ಟಿ ಉಳಿತಾಯ" ಅಂತ ಲ್ಯಾಪ್‌ಟಾಪ್ ಮೇಲೆ ಚೀಟಿ ಅಂಟಿಸಿದ್ರೆ ಅದು ಮಾರಾಟದ ಮಾತು ಅಷ್ಟೆ.

ಪಂಪ್‌ಸೆಟ್_ಹುಬ್ಬಳ್ಳಿ
ಮಾಡೆಲ್ ನಂಬರ್ ಸಿಕ್ತ್ರಿ. ಡೀಲರ್‌ದು 21ಎಂಎ ಅಂತ ಶುರು, ಪ್ರೊಸೆಸರ್ ಅಲ್ಟ್ರಾ 5 125ಯು. ಆನ್‌ಲೈನ್‌ದು 21ಜೆಎನ್, ಐ5-1335ಯು.

ಕೀಲಿಮಣೆ
ಅದೇ ನೋಡಿ. 21ಜೆಎನ್ ಅಂದ್ರೆ ಇ16 ಜೆನ್ 1, ಅಂದ್ರೆ ಮೊದಲ ತಲೆಮಾರು. 21ಎಂಎ ಅಂದ್ರೆ ಜೆನ್ 2. ಹೊರಗಿಂದ ನೋಡಿದ್ರೆ ಅಣ್ಣತಮ್ಮಂದಿರ ಥರ ಇವೆ, ಒಳಗೆ ಬೇರೆ. ಜೆನ್ 1ರಲ್ಲಿ ಒಂದು ರ‍್ಯಾಮ್ ಮದರ್‌ಬೋರ್ಡಿಗೆ ಬೆಸುಗೆ ಹಾಕಿರ್ತಾರೆ, ಜೊತೆಗೆ ಒಂದೇ ಸ್ಲಾಟ್, ಡಿಡಿಆರ್4. ಜೆನ್ 2ರಲ್ಲಿ ಎರಡೂ ಸ್ಲಾಟ್, ಡಿಡಿಆರ್5, ಎರಡನ್ನೂ ಬದಲಾಯಿಸಬಹುದು. ಬೆಸುಗೆ ಹಾಕಿದ ರ‍್ಯಾಮ್ ಕೆಟ್ಟರೆ ಬೋರ್ಡೇ ಹೋದ ಹಾಗೆ. ಐದು ವರ್ಷ ಓಡಿಸೋರಿಗೆ ಇದು ಸಣ್ಣ ವಿಷಯ ಅಲ್ಲ.

ಲೆನೊವೊದ ಪಿಎಸ್‌ರೆಫ್ ಅನ್ನೋ ಸೈಟಿನಲ್ಲಿ ಪೂರ್ತಿ ಮಾಡೆಲ್ ನಂಬರ್ ಹಾಕಿದ್ರೆ ಸ್ಕ್ರೀನ್, ಬ್ಯಾಟರಿ, ಸ್ಲಾಟ್, ವಾರಂಟಿ ಎಲ್ಲ ಒಂದೇ ಪುಟದಲ್ಲಿ ಬರುತ್ತೆ. ಅಂಗಡಿಯವರ ವಿವರಣೆಗಿಂತ ಅದನ್ನ ನಂಬಿ.

ಕುಂದಾಪ್ರದ_ತಂತ್ರಿ
ಆದ್ರೆ ಟ್ಯಾಲಿಗೆ 1335ಯು ಸಾಲದು ಅಂತ ಹೆದರಿಸಬೇಡಿ ಮಾರಾಯ್ರೆ. 1335ಯುದಲ್ಲಿ 10 ಕೋರ್, 125ಯುದಲ್ಲಿ 12. ಹೆಚ್ಚಾದ ಎರಡು ಕೋರ್ ತೀರಾ ಸಣ್ಣವು, ವಿಡಿಯೊ ನೋಡುವಾಗ ಬ್ಯಾಟರಿ ಉಳಿಸಲಿಕ್ಕೆ ಇರುವಂಥವು. ಟ್ಯಾಲಿಗೂ ಎಕ್ಸೆಲ್ಲಿಗೂ ವ್ಯತ್ಯಾಸವೇ ಗೊತ್ತಾಗುವುದಿಲ್ಲ. ಹೆದರಬೇಕಾದ್ದು ಎಎಂಡಿ ಕಂಪನಿಯ ಪ್ರೊಸೆಸರುಗಳ ಹೆಸರಿಗೆ. ರೈಜನ್ 5 7520ಯು ಅಂತ ಕಂಡರೆ ಮೊದಲ 7 ನೋಡಿ ಹೊಸದು ಅಂದುಕೊಳ್ಳುತ್ತಾರೆ. ಆ 7 ಬರೀ ವರ್ಷ. ಮೂರನೇ ಅಂಕಿ ಒಳಗಿನ ತಲೆಮಾರು. 7520ಯು ಅಂದ್ರೆ ಝೆನ್ 2, ನಾಲ್ಕೇ ಕೋರ್. 7530ಯು ಝೆನ್ 3, ಆರು ಕೋರ್. 7540ಯು ಝೆನ್ 4. ಅಂಗಡಿಯಲ್ಲಿ ಮೂರಕ್ಕೂ "ರೈಜನ್ 5, 7000 ಸೀರೀಸ್" ಅಂತ ಒಂದೇ ಬೋರ್ಡು.

ರೂಟರ್_ರಾಯಚೂರು
ಯು, ಪಿ, ಎಚ್ ಅಕ್ಷರಾನೂ ನೋಡ್ರಿ. 125ಯು 15 ವ್ಯಾಟಿಂದು, 125ಎಚ್ 28 ವ್ಯಾಟಿಂದು. ಎಚ್ ಜೋರು, ಆದ್ರ ಬ್ಯಾಟರಿ ಬೇಗ ಖಾಲಿ, ಫ್ಯಾನ್ ಸಪ್ಪಳ ಜಾಸ್ತಿ. ಬಿಸಿಲ ಊರಾಗ ಬಿಲ್ಲಿಂಗ್ ಕೆಲಸಕ್ಕ ಯು ಸಾಕು.

ಮೈಸೂರು_ಮೌಸ್
ಯಾರೂ ನಂಬರ್ ಪ್ಯಾಡ್ ಮಾತೇ ಎತ್ತಲಿಲ್ಲವಲ್ಲ! ಟ್ಯಾಲಿಯಲ್ಲಿ ದಿನಾ ಎಂಟ್ರಿ ಹಾಕೋರಿಗೆ ಬಲಗಡೆ ನಂಬರ್ ಪ್ಯಾಡ್ ಇಲ್ಲದಿದ್ದರೆ ಕೆಲಸ ಅರ್ಧ ಆಗತ್ತೆ. 14 ಇಂಚಿನ ಲೆನೊವೊ ಟಿ14, ಡೆಲ್ ಲ್ಯಾಟಿಟ್ಯೂಡ್ 5440, ಎಚ್‌ಪಿ ಎಲೀಟ್‌ಬುಕ್ 840 ಎಷ್ಟೇ ಚೆನ್ನಾಗಿದ್ರೂ ಅವುಗಳಲ್ಲಿ ನಂಬರ್ ಪ್ಯಾಡ್ ಇಲ್ಲ. ಇ16, ಎಚ್‌ಪಿ ಪ್ರೊಬುಕ್ 450, ಲ್ಯಾಟಿಟ್ಯೂಡ್ 3540 ಈ ಸಾಲಿನಲ್ಲೇ ನೋಡಿ. ಡಿಎಸ್‌ಸಿ ಟೋಕನ್ನು, ಪ್ರಿಂಟರು ಎರಡೂ ಹಳೇ ಅಗಲ ಬಾಯಿಯ ಯುಎಸ್‌ಬಿ. ಬರೀ ಟೈಪ್-ಸಿ ಇರೋ ತೆಳು ಮಾಡೆಲ್ ತಂದ್ರೆ ಡಾಂಗಲ್ ಹುಡುಕೋದೇ ಕೆಲಸ ಆಗತ್ತೆ.

ನಿಶಾಂತ್_ಅಲ್ಲ
ಸ್ನ್ಯಾಪ್‌ಡ್ರಾಗನ್ ಲ್ಯಾಪ್‌ಟಾಪ್ ಈಗ ಒಳ್ಳೆ ಡಿಸ್ಕೌಂಟಲ್ಲಿದೆ ಗುರು, ಬ್ಯಾಟರಿ ಸೂಪರ್.

ಕುಂದಾಪ್ರದ_ತಂತ್ರಿ
ಈ ಕೆಲಸಕ್ಕೆ ಖಂಡಿತಾ ಬೇಡ. ಸಾಮಾನ್ಯ ಸಾಫ್ಟ್‌ವೇರ್ ಎಮ್ಯುಲೇಶನ್ನಿನಲ್ಲಿ (ಇಂಟೆಲ್ ಚಿಪ್ಪಿನ ನಕಲು ಮಾಡಿ) ಓಡಬಹುದು, ಡ್ರೈವರ್ ಓಡುವುದಿಲ್ಲ. ಪ್ರಿಂಟರು, ಟೋಕನ್ನು ಎಲ್ಲದಕ್ಕೂ ಎಆರ್‌ಎಂಗಾಗಿಯೇ (ಸ್ನ್ಯಾಪ್‌ಡ್ರಾಗನ್ ಚಿಪ್ಪಿನ ಜಾತಿ) ಬರೆದ ಡ್ರೈವರ್ ಬೇಕು. ಹಳೇ ಡಾಟ್ ಮ್ಯಾಟ್ರಿಕ್ಸಿಗೆ ಅದನ್ನು ಯಾರು ಬರೆದು ಕೊಡುತ್ತಾರೆ? ಮ್ಯಾಕ್‌ಬುಕ್ ಕೂಡ ಹಾಗೇ, ಟ್ಯಾಲಿಗೆ ವಿಂಡೋಸ್ ಬೇಕು.

ರೂಟರ್_ರಾಯಚೂರು
ಟ್ಯಾಲಿ ಅಂದ್ರಲ್ಲ, ಆರು ಮಂದಿ ಒಮ್ಮೆಲೇ ಕೆಲಸ ಮಾಡಬೇಕಂದ್ರ ಸಿಲ್ವರ್ (ಒಬ್ಬರಿಗಷ್ಟ) ಸಾಲದು, ಗೋಲ್ಡ್ ಲೈಸೆನ್ಸ್ ಬೇಕು. ಬಜೆಟ್‌ನ್ಯಾಗ ಅದನ್ನೂ ಹಿಡೀರಿ.

ಎಸ್‌ಪಿ_ರೋಡ್_ಹುಡುಗ
ಹೊಸದೇ ಯಾಕೆ? ಬೆಂಗಳೂರಿನ ಎಸ್‌ಪಿ ರೋಡಲ್ಲಿ ರಿಫರ್ಬಿಶ್ಡ್ (ಹಳೇದನ್ನ ಸರಿಮಾಡಿ ಮಾರೋ) ಟಿ480, ಲ್ಯಾಟಿಟ್ಯೂಡ್ 7490 ಕಾಲು ಬೆಲೆಗೆ ಸಿಗತ್ತೆ. ಬಿಲ್ಲಿಂಗಿಗೆ ಅಷ್ಟು ಸಾಕು.

ಕೀಲಿಮಣೆ
ಐದು ವರ್ಷಕ್ಕೆ ಸಾಕಾಗಲ್ಲ. ವಿಂಡೋಸ್ 10 ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗೀತು. ವಿಂಡೋಸ್ 11ಕ್ಕೆ ಇಂಟೆಲ್ 8ನೇ ತಲೆಮಾರಾದ್ರೂ ಬೇಕು. ಟಿ480, 7490, ಎಲೀಟ್‌ಬುಕ್ 840 ಜಿ5 ಆ ಗೆರೆಯ ಮೇಲೇ ನಿಂತಿವೆ. ಒಂದು ಮೆಟ್ಟಿಲು ಕೆಳಗಿನ ಟಿ470, 840 ಜಿ4 ತಗೊಂಡೋರು ಸಿಕ್ಕಿಹಾಕಿಕೊಂಡರು ಅಂತಲೇ ಅರ್ಥ. ಏನೋ ಹ್ಯಾಕ್ ಮಾಡಿ 11 ಹಾಕಿ ಕೊಡ್ತಾರೆ, ಮುಂದಿನ ದೊಡ್ಡ ಅಪ್‌ಡೇಟ್‌ಗೆ ಕೈ ಎತ್ತುತ್ತೆ.

ಬಿಲ್ ವಿಷಯಾನೂ ಇದೆ. ಹಳೆ ಮಾಲನ್ನ ಮಾರ್ಜಿನ್ ಸ್ಕೀಮಿನಲ್ಲಿ (ಮಾರೋರ ಲಾಭದ ಮೇಲಷ್ಟೇ ತೆರಿಗೆ) ಮಾರಿದ್ರೆ ನಿಮಗೆ ಕ್ರೆಡಿಟ್ ಬರಲ್ಲ.

ಎಸ್‌ಪಿ_ರೋಡ್_ಹುಡುಗ
11ನೇ ತಲೆಮಾರಿನ ರಿಫರ್ಬಿಶ್ಡ್ ಕೂಡ ಬರ್ತಿದೆ ಸಾರ್, ಎಲ್ಲಾನೂ ಒಂದೇ ತಕ್ಕಡಿಯಲ್ಲಿ ತೂಗಬೇಡಿ. ನೋಡಿ ತಗೋಬೇಕು ಅಷ್ಟೆ. ಕೌಂಟರ್ ಮುಂದೆ ನಿಂತು ಇಷ್ಟು ಮಾಡಿ:

ಆನ್ ಮಾಡಿದ ತಕ್ಷಣ ಬಯಾಸ್‌ಗೆ (ವಿಂಡೋಸ್ ಶುರುವಾಗೋ ಮೊದಲಿನ ಸೆಟ್ಟಿಂಗ್ಸ್ ಪರದೆ) ಹೋಗಿ. ಪಾಸ್‌ವರ್ಡ್ ಕೇಳಿದ್ರೆ ವಾಪಸ್ ಇಟ್ಟು ಬನ್ನಿ. ಸೂಪರ್‌ವೈಸರ್ ಪಾಸ್‌ವರ್ಡ್ ಇರೋ ಥಿಂಕ್‌ಪ್ಯಾಡ್ ಬಿಡಿಸೋದು ದೊಡ್ಡ ತಲೆನೋವು. ಅಲ್ಲೇ ಕಂಪ್ಯೂಟ್ರೇಸ್ ಅಥವಾ ಆಬ್ಸಲ್ಯೂಟ್ (ಕಳುವಾದ ಮಷಿನ್ ಪತ್ತೆ ಮಾಡೋ ಬೀಗ) "ಆಕ್ಟಿವೇಟೆಡ್" ಅಂತ ಇದ್ರೂ ಬೇಡ. ಆಮೇಲೆ ವಿಂಡೋಸ್ ರಿಸೆಟ್ ಮಾಡಿಸಿ, ನಿಮ್ಮ ಫೋನಿನ ಹಾಟ್‌ಸ್ಪಾಟ್ ಕೊಡಿ. ಇಂಟರ್‌ನೆಟ್ ಸಿಕ್ಕಿದ ಮೇಲೆ ಯಾವುದೋ ಕಂಪನಿ ಹೆಸರು ತೋರಿಸಿ ಆ ಕಂಪನಿಯ ಇಮೇಲ್ ಕೇಳಿದ್ರೆ ಅದಿನ್ನೂ ಅವರ ಆಟೋಪೈಲಟ್ (ಕಂಪನಿ ತನ್ನ ಮಷಿನ್‌ಗಳನ್ನ ದೂರದಿಂದ ನಿಭಾಯಿಸೋ ವ್ಯವಸ್ಥೆ) ಪಟ್ಟಿಯಲ್ಲಿದೆ. ಇಂಟರ್‌ನೆಟ್ ಇಲ್ಲದೆ ಸೆಟಪ್ ಮಾಡಿ ತೋರಿಸೋ ಅಂಗಡಿ ಬಗ್ಗೆ ಹುಷಾರು, ಇದನ್ನ ಮುಚ್ಚೋಕೇ ಹಾಗೆ ಮಾಡೋದು.

ಬ್ಯಾಟರಿಗೆ ಕಮಾಂಡ್ ಪ್ರಾಂಪ್ಟಲ್ಲಿ ಪವರ್‌ಸಿಎಫ್‌ಜಿ, ಒಂದು ಸ್ಪೇಸ್, ಓರೆಗೆರೆ, ಬ್ಯಾಟರಿರಿಪೋರ್ಟ್ (powercfg /batteryreport) ಅಂತ ಹೊಡೀರಿ. ಬರೋ ಫೈಲಲ್ಲಿ ಡಿಸೈನ್ ಕೆಪಾಸಿಟಿ 50,000, ಫುಲ್ ಚಾರ್ಜ್ 30,000 ಅಂತಿದ್ರೆ 60% ಮಾತ್ರ ಉಳಿದಿದೆ, ಬ್ಯಾಟರಿ ದುಡ್ಡು ಕಳೆದು ಬೆಲೆ ಮಾತಾಡಿ. ಟಿ480ರಲ್ಲಿ ಎರಡು ಬ್ಯಾಟರಿ ಇರುತ್ತೆ, ಎರಡನ್ನೂ ನೋಡಿ.

ತೀರ್ಥಳ್ಳಿ_ಟೈಪಿಸ್ಟ್
ಟಿ480ರ ಟೈಪ್-ಸಿ ಚಾರ್ಜಿಂಗ್ ಕೂಡ ಪರೀಕ್ಷೆ ಮಾಡಿ. ಹಳೇ ಥಂಡರ್‌ಬೋಲ್ಟ್ ಫರ್ಮ್‌ವೇರ್‌ನಿಂದ (ಆ ಪೋರ್ಟಿನ ಚಿಪ್ ಒಳಗಿನ ಸಾಫ್ಟ್‌ವೇರ್) ಆ ಪೋರ್ಟ್ ಸಾಯುತ್ತೆ ಅಂತ ಲೆನೊವೊದವರೇ ಅಪ್‌ಡೇಟ್ ಬಿಟ್ಟಿದ್ದರು. ಅಪ್‌ಡೇಟ್ ಆಗದ ಮಷಿನ್‌ಗಳು ಇನ್ನೂ ಮಾರುಕಟ್ಟೆಯಲ್ಲಿವೆ.

ಅಂದಹಾಗೆ ಸ್ವಲ್ಪ ಬೇರೆ ವಿಷಯ: ಹಳೇ ಕಂಪ್ಯೂಟರಿನಲ್ಲಿ ನುಡಿಯಲ್ಲಿ ಟೈಪ್ ಮಾಡಿದ ಕನ್ನಡ ಪತ್ರಗಳಿದ್ದರೆ ಅವು ಸಾಮಾನ್ಯವಾಗಿ ಯೂನಿಕೋಡ್ ಅಲ್ಲ. ಹೊಸ ಲ್ಯಾಪ್‌ಟಾಪಿನಲ್ಲಿ ಆ ಫಾಂಟ್ ಇಲ್ಲದೆ ತೆರೆದರೆ ಅಕ್ಷರದ ಬದಲು ಕಸ ಕಾಣುತ್ತೆ. ಹಳೇ ಮಷಿನ್ ಮಾರುವ ಮೊದಲೇ ಪರಿವರ್ತಕದಲ್ಲಿ ಯೂನಿಕೋಡ್ ಮಾಡಿಟ್ಟುಕೊಳ್ಳಿ. ಒತ್ತಕ್ಷರ, ಅರ್ಕಾವತ್ತು ಬಂದ ಕಡೆ ಒಮ್ಮೆ ಕಣ್ಣಾಡಿಸಿ.

ಪಂಪ್‌ಸೆಟ್_ಹುಬ್ಬಳ್ಳಿ
ಭಾಳ ಉಪಕಾರ ಆತ್ರಿ, ಗಿರಾಕಿಗಳಿಗೆ ಬರೆದ ಪತ್ರ ಎಲ್ಲಾ ನುಡಿಯಾಗ ಅದಾವ. ಹೊಸದ ತಗೊಳ್ಳೂದು ಅಂತ ಠರಾಯಿಸೀನಿ. ಈಗ ಡೀಲರ್‌ನ ಹೆಂಗ ಕೆಳಗ ಇಳಿಸಬೇಕು, ಅದನ್ನ ಹೇಳ್ರಿ.

ಚಾನೆಲ್_ಪಾರ್ಟ್ನರ್
ಡೀಲರನ್ನು "ಇನ್ನೂ ಎರಡು ಸಾವಿರ ಬಿಡಿ" ಅಂತ ಹಿಂಡಿದರೆ ಹೆಚ್ಚು ಬರುವುದಿಲ್ಲ, ಅವರ ಲಾಭಾಂಶವೇ ಕಡಿಮೆ. ಕೇಳಬೇಕಾದ್ದು ಬೇರೆ: "ಇದನ್ನು ಕಂಪನಿ ಹತ್ತಿರ ಡೀಲ್ ರಿಜಿಸ್ಟರ್ ಮಾಡಿ ಸ್ಪೆಷಲ್ ಪ್ರೈಸ್ ತೆಗೆಸಿ". ನಿಮ್ಮ ಸಂಸ್ಥೆಯ ಹೆಸರು, ಜಿಎಸ್‌ಟಿ ನಂಬರ್, ಎಷ್ಟು ಮಷಿನ್, ಯಾವ ಮಾಡೆಲ್, ಯಾವಾಗ ಬೇಕು, ಇಷ್ಟನ್ನು ಡೀಲರ್ ಮೇಲೆ ಕಳಿಸುತ್ತಾರೆ. ಒಂದೆರಡಕ್ಕೆ ಕಷ್ಟ, ಐದಾರು ದಾಟಿದರೆ ಕೇಳುವುದರಲ್ಲಿ ತಪ್ಪಿಲ್ಲ. ಒಂದು ಎಚ್ಚರ: ಮೊದಲು ರಿಜಿಸ್ಟರ್ ಮಾಡಿದ ಡೀಲರ್‌ಗೇ ಆ ಬೆಲೆ ಸಿಗುತ್ತದೆ. ಹಾಗಾಗಿ ಒಂದೇ ಬ್ರ್ಯಾಂಡಿಗೆ ನಾಲ್ಕು ಡೀಲರ್ ಹತ್ತಿರ ವಿವರ ಕೊಟ್ಟು ಬರಬೇಡಿ. ಒಬ್ಬರಿಂದ ಲೆನೊವೊ, ಇನ್ನೊಬ್ಬರಿಂದ ಎಚ್‌ಪಿ, ಮತ್ತೊಬ್ಬರಿಂದ ಡೆಲ್ ತೆಗೆಸಿ. ಬ್ರ್ಯಾಂಡುಗಳ ನಡುವೆ ಪೈಪೋಟಿ ಹುಟ್ಟಿದರೆ ಮಾತ್ರ ಮೇಲಿನವರು ಬೆಲೆ ಬಿಡುತ್ತಾರೆ.

ಸಮಯವೂ ಮುಖ್ಯ. ಲೆನೊವೊ ವರ್ಷ ಮಾರ್ಚ್ 31ಕ್ಕೆ ಮುಗಿಯುತ್ತದೆ, ಎಚ್‌ಪಿಗೆ ಅಕ್ಟೋಬರ್ 31, ಡೆಲ್‌ಗೆ ಜನವರಿ ಕೊನೆ ಇಲ್ಲವೇ ಫೆಬ್ರವರಿ ಮೊದಲ ದಿನಗಳು. ಆಯಾ ತ್ರೈಮಾಸಿಕದ ಕೊನೆಯ ಎರಡು ವಾರದಲ್ಲಿ ಕೇಳಿದ ಬೆಲೆಗೂ ಮೊದಲ ವಾರದಲ್ಲಿ ಕೇಳಿದ ಬೆಲೆಗೂ ವ್ಯತ್ಯಾಸ ಇರುತ್ತದೆ. ರೆಡಿ ಸ್ಟಾಕಿನ ಮಾಡೆಲ್ ಆರಿಸಿ. ನಿಮಗಾಗಿ ಕಾನ್ಫಿಗರ್ ಮಾಡಿಸಿದರೆ ವಾರಗಟ್ಟಲೆ ಕಾಯಬೇಕು, ಅಷ್ಟರಲ್ಲಿ ಆ ತ್ರೈಮಾಸಿಕವೇ ಮುಗಿದಿರುತ್ತದೆ.

ಮೈಸೂರು_ಮೌಸ್
ಡೆಲ್ ಕೊಟೇಷನ್ ಬಂದಾಗ ಹೆಸರು ನೋಡಿ ಗಲಿಬಿಲಿ ಆಗಬೇಡಿ. 2025ರಲ್ಲಿ ಲ್ಯಾಟಿಟ್ಯೂಡ್ ಹೆಸರು ಬಿಟ್ಟು ಡೆಲ್ ಪ್ರೊ, ಪ್ರೊ ಪ್ಲಸ್, ಪ್ರೊ ಪ್ರೀಮಿಯಂ ಅಂತ ಮಾಡಿದ್ರು. ಹೆಚ್ಚುಕಡಿಮೆ ಹಳೇ 3000, 5000, 7000 ಸಾಲುಗಳೇ.

ತಕ್ಕಡಿ_ದಾವಣಗೆರೆ
ಸಮಯ ಅಂದ್ರಲ್ಲ, ಸವಕಳಿನೂ ಸೇರಿಸಿ. ಕಂಪ್ಯೂಟರಿಗೆ ಆದಾಯ ತೆರಿಗೆಯಲ್ಲಿ ವರ್ಷಕ್ಕೆ 40%. ಆ ವರ್ಷ 180 ದಿನಕ್ಕಿಂತ ಕಡಿಮೆ ಬಳಸಿದ್ರೆ ಅದರಲ್ಲಿ ಅರ್ಧ. ಅಕ್ಟೋಬರ್ 3ಕ್ಕೆ ಬಳಕೆಗೆ ತಂದ್ರೆ ಮಾರ್ಚ್ 31ಕ್ಕೆ ಸರಿಯಾಗಿ 180 ದಿನ. ಆರು ಮಷಿನ್ 3,78,000ಕ್ಕೆ 40% ಅಂದ್ರೆ 1,51,200. ತಡ ಮಾಡಿದ್ರೆ ಈ ವರ್ಷ 75,600 ಮಾತ್ರ. ಬರೀ ಬಿಲ್ ಆದ್ರೆ ಸಾಲದು, ಬಾಕ್ಸ್ ಒಡೆದು ಬಳಸಿರಬೇಕು. ಜಿಎಸ್‌ಟಿ ಭಾಗದ ಮೇಲೆ ಸವಕಳಿ ಹಾಕಿದ್ರೆ ಆ ಕ್ರೆಡಿಟ್ ಸಿಗಲ್ಲ, ಎರಡೂ ಕಡೆ ತಿನ್ನೋಕಾಗಲ್ಲ.

ನಿಶಾಂತ್_ಅಲ್ಲ
ನೋ ಕಾಸ್ಟ್ ಇಎಂಐ ಹಾಕಿದ್ರೆ?

ತಕ್ಕಡಿ_ದಾವಣಗೆರೆ
ಪೂರ್ತಿ ಉಚಿತ ಅಲ್ಲ. ಬಡ್ಡಿಯಷ್ಟು ದುಡ್ಡನ್ನ ಮೊದಲೇ ಬೆಲೆಯಲ್ಲಿ ಕಡಿಮೆ ಮಾಡಿ, ಬ್ಯಾಂಕ್ ಆ ಬಡ್ಡಿ ಹಾಕುತ್ತೆ. ಬಡ್ಡಿ ಮೇಲಿನ 18% ಜಿಎಸ್‌ಟಿ ನಿಮ್ಮ ತಲೆ ಮೇಲೆ. 60,000ವನ್ನ 16%ರಲ್ಲಿ ಆರು ತಿಂಗಳಿಗೆ ಹಾಕಿದ್ರೆ ಬಡ್ಡಿ ಸುಮಾರು 2,800, ಅದಕ್ಕೆ ತೆರಿಗೆ 500ರ ಆಸುಪಾಸು, ಮೇಲೆ ಪ್ರೊಸೆಸಿಂಗ್ ಫೀ. ಕಾರ್ಡಿನ ನೇರ ರಿಯಾಯಿತಿ ಇಎಂಐಗೂ ಅನ್ವಯಿಸುತ್ತಾ ಅಂತ ಷರತ್ತು ಓದಿ.

ರೂಟರ್_ರಾಯಚೂರು
8 ಜಿಬಿ ಮಾಡೆಲ್ ಅಗ್ಗಕ್ಕ ತಗೊಂಡು ಆಮ್ಯಾಲ ರ‍್ಯಾಮ್ ಹಾಕ್ಕೊಳ್ಳೂದು ಚಲೋ ಅಲ್ಲೇನ್ರಿ?

ಕೀಲಿಮಣೆ
ಎರಡು ವರ್ಷದ ಹಿಂದೆ ಹೌದು ಅಂತಿದ್ದೆ. 2025ರ ಕೊನೆಯಿಂದ ರ‍್ಯಾಮ್ ಬೆಲೆ ವಿಪರೀತ ಏರಿದೆ, ಬಿಡಿಯಾಗಿ ಕೊಳ್ಳೋದು ಲಾಭ ಅಲ್ಲ. ಈಗ 16 ಜಿಬಿ ಜೊತೆಗೇ ತಗೊಳ್ಳಿ. ಒಂದೇ 16ರ ಸ್ಟಿಕ್ ಇದ್ರೆ ಇನ್ನೊಂದು ಸ್ಲಾಟ್ ಖಾಲಿ ಇರುತ್ತೆ, ಮುಂದೆ ಹಾಕಬಹುದು.

ಮುಂದೆ ಹಾಕುವಾಗ ನೆನಪಿರಲಿ: ಥಿಂಕ್‌ಪ್ಯಾಡ್ ಬಯಾಸ್‌ನಲ್ಲಿ ಪವರ್ ಅನ್ನೋ ಕಡೆ "ಡಿಸೇಬಲ್ ಬಿಲ್ಟ್-ಇನ್ ಬ್ಯಾಟರಿ" ಕೊಟ್ಟು, ಚಾರ್ಜರ್ ತೆಗೆದು, ಆಮೇಲೆ ಕೆಳಗಿನ ಕವರ್ ಬಿಚ್ಚಿ. ಸ್ಟಿಕ್ಕನ್ನ ಓರೆಯಾಗಿ ಚಿನ್ನದ ಬಣ್ಣದ ಅಂಚು ಕಾಣದ ಹಾಗೆ ತಳ್ಳಿ, ಕೆಳಗೆ ಒತ್ತಿದಾಗ ಎರಡೂ ಕಡೆ ಕ್ಲಿಪ್ ಟಕ್ ಅನ್ನಬೇಕು. ಡಿಡಿಆರ್5 ಮಷಿನ್ ಮೊದಲ ಸಲ ಆನ್ ಮಾಡಿದಾಗ ಒಂದೆರಡು ನಿಮಿಷ ಸ್ಕ್ರೀನ್ ಕಪ್ಪಗೇ ಇರಬಹುದು. ಹೊಸ ರ‍್ಯಾಮನ್ನ ಅದು ಅಳೀತಾ ಇರುತ್ತೆ. ಗಾಬರಿಯಾಗಿ ಪವರ್ ಬಟನ್ ಒತ್ತಿ ಹಿಡಿಯಬೇಡಿ.

ಕುಂದಾಪ್ರದ_ತಂತ್ರಿ
ಸ್ಕ್ರೀನ್ ಕೂಡ ಕೊಟೇಷನ್ನಿನಲ್ಲಿ ಬರೆಸಿ. "ಫುಲ್ ಎಚ್‌ಡಿ ಐಪಿಎಸ್" ಅಂದರೆ ಸಾಲದು. 45% ಎನ್‌ಟಿಎಸ್‌ಸಿ (ಸ್ಕ್ರೀನ್ ತೋರಿಸುವ ಬಣ್ಣದ ಅಳತೆ) ಅಂತ ಇದ್ದರೆ ಬಣ್ಣ ಮಂಕು. ಬಿಲ್ಲಿಂಗಿಗೆ ನಡೆಯುತ್ತದೆ, ಮಾಲಿನ ಫೋಟೊ ಗಿರಾಕಿಗೆ ತೋರಿಸುವವರಿಗೆ ನಡೆಯುವುದಿಲ್ಲ. ಅಂಥವರು 100% ಎಸ್‌ಆರ್‌ಜಿಬಿ ಕೇಳಬೇಕು.

ಪಂಪ್‌ಸೆಟ್_ಹುಬ್ಬಳ್ಳಿ
ಅಮೆರಿಕಾದಾಗಿರೋ ನಮ್ಮ ಕಾಕಾನ ಮಗ ದೀಪಾವಳಿಗೆ ಬರ್ತಾನ್ರಿ, ಅಲ್ಲಿಂದ ತರಿಸಲೇನು?

ಚಾನೆಲ್_ಪಾರ್ಟ್ನರ್
ಹದಿನೆಂಟು ತುಂಬಿದ ಪ್ರಯಾಣಿಕರೊಬ್ಬರು ಸುಂಕವಿಲ್ಲದೆ ಒಂದೇ ಲ್ಯಾಪ್‌ಟಾಪ್ ತರಬಹುದು. ಆರಕ್ಕೆ ಆಗುವ ಮಾತಲ್ಲ, ಜಿಎಸ್‌ಟಿ ಬಿಲ್ಲೂ ಇರುವುದಿಲ್ಲ.

ಪಂಪ್‌ಸೆಟ್_ಹುಬ್ಬಳ್ಳಿ
ಆತ್ರಿ ಬಿಡ್ರಿ. ಡೀಲರ್‌ಗ 21ಎಂಎ ಮಾಡೆಲ್‌ದ್ದ ಪೂರ್ತಿ ನಂಬರ್, ಸ್ಕ್ರೀನ್, 16 ಜಿಬಿ ಒಂದ ಸ್ಟಿಕ್, ಪ್ರೊ, ಮೂರು ವರ್ಷ ಆನ್‌ಸೈಟ್, ಎಲ್ಲಾ ಕೊಟೇಷನ್ನಿನ್ಯಾಗ ಬರೀ ಅಂದೀನಿ. ಡೀಲ್ ರಿಜಿಸ್ಟರ್ ಮಾಡ್ತೀನಿ ಅಂದಾನ. ಪ್ರೊಬುಕ್ 450ಕ್ಕ ಬ್ಯಾರೆ ಡೀಲರ್ ಕಡೆ ರೇಟ್ ಕೇಳೀನಿ.

ಮೈಸೂರು_ಮೌಸ್
ಆನ್‌ಸೈಟ್ ನಿಮ್ಮ ಪಿನ್‌ಕೋಡಿಗೆ ಇದೆಯಾ ಅಂತ ಕಂಪನಿಯ ಸೈಟಿನಲ್ಲೇ ನೋಡಿ. ಬ್ರಾಂಚ್ ತಾಲ್ಲೂಕಿನಲ್ಲಿದ್ದರೆ ಆ ಪಿನ್‌ಕೋಡ್ ಬೇರೆಯಾಗಿ ಹಾಕಿ ನೋಡಿ. ಹುಬ್ಬಳ್ಳಿಗೆ ಇರೋದು ಅಲ್ಲಿಗೂ ಇರತ್ತೆ ಅಂತ ಅಂದ್ಕೋಬೇಡಿ.

ಚಾನೆಲ್_ಪಾರ್ಟ್ನರ್
ಮಾಲು ಬಂದ ದಿನ ಬಾಕ್ಸ್ ಮೇಲಿನ ಸೀರಿಯಲ್ ನಂಬರ್, ಮಷಿನ್ ಕೆಳಗಿನದು, ಬಯಾಸ್‌ನಲ್ಲಿ ಕಾಣುವುದು, ಮೂರೂ ಒಂದೇ ಇದೆಯೇ ನೋಡಿ. ಆರೂ ಸೀರಿಯಲ್ ಬಿಲ್ಲಿನಲ್ಲಿ ಇರಲಿ. ಕಂಪನಿಯ ಸೈಟಿನಲ್ಲಿ ವಾರಂಟಿ ಶುರುವಾದ ದಿನ ಬಿಲ್ ದಿನಕ್ಕಿಂತ ಹಿಂದಿದ್ದರೆ, ಗೋಡೌನಿನಲ್ಲಿ ಕೂತ ತಿಂಗಳುಗಳು ನಿಮ್ಮ ಲೆಕ್ಕದಲ್ಲಿ ಹೋಗುತ್ತಿವೆ ಎಂದರ್ಥ. ಬಿಲ್ ಅಪ್‌ಲೋಡ್ ಮಾಡಿ ದಿನಾಂಕ ತಿದ್ದಿಸಿ, ಅದೇ ವಾರ ಮಾಡಿ.

ಪಂಪ್‌ಸೆಟ್_ಹುಬ್ಬಳ್ಳಿ
ಮಾಡ್ತೀನ್ರಿ. ಪ್ರೊಬುಕ್ ರೇಟ್ ಬಂದ ಕೂಡಲೇ ಇಲ್ಲೇ ಹಾಕ್ತೀನಿ, ಮಾಡೆಲ್ ನಂಬರ್ ಸಮೇತ.